ಖರೀದಿಯಲ್ಲಿ ಸಾಮಾಜಿಕ ಹೊಣೆಗಾರಿಕೆ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಪರಿಸರದಿಂದ ಒಂದು ನೋಟ

ಕಂಪನಿಯೊಂದು ಶಾಲೆಗೆ ಗಣಕಯಂತ್ರಗಳನ್ನು ಕೊಟ್ಟಿತು, ಆಸ್ಪತ್ರೆಗೆ ಆಂಬುಲೆನ್ಸ್ ಒದಗಿಸಿತು, ನದೀತೀರದಲ್ಲಿ ಗಿಡ ನೆಟ್ಟಿತು ಎಂಬ ಸುದ್ದಿಗಳನ್ನು ನಾವು ಆಗಾಗ ಓದುತ್ತೇವೆ. ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆ, ಆಡುಮಾತಿನಲ್ಲಿ ಸಿ.ಎಸ್.ಆರ್., ಎಂದೊಡನೆ ನೆನಪಿಗೆ ಬರುವುದು ಇಂತಹ ದಾನಕಾರ್ಯಗಳೇ. ಆದರೆ ಅದೇ ಕಂಪನಿ ತನಗೆ ಬೇಕಾದ ಸಾಮಗ್ರಿಯನ್ನು ಯಾರಿಂದ ಕೊಳ್ಳುತ್ತದೆ, ಯಾವ ಬೆಲೆಗೆ ಕೊಳ್ಳುತ್ತದೆ, ಹಣವನ್ನು ಎಷ್ಟು ದಿನಕ್ಕೆ ಪಾವತಿಸುತ್ತದೆ, ತನ್ನ ತ್ಯಾಜ್ಯವನ್ನು ಯಾರ ಕೈಗೆ ಒಪ್ಪಿಸುತ್ತದೆ ಎಂಬ ಪ್ರಶ್ನೆಗಳು ಸುದ್ದಿಯಾಗುವುದು ಅಪರೂಪ. ಪ್ರಸ್ತುತ ಲೇಖನದ ವಸ್ತು ಈ ಎರಡನೆಯ ಬಗೆಯ ಹೊಣೆಗಾರಿಕೆ. ದಾನದ ಹೊಣೆಗಿಂತ ಖರೀದಿಯ ಹೊಣೆಯೇ ಹಿರಿದು ಎಂಬುದು ನಮ್ಮ ಅಭಿಪ್ರಾಯ.

ಈ ವಿಷಯ ನಮ್ಮವರಿಗೆ ಹೊರಗಿನದಲ್ಲ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂ.ಐ.ಡಿ.ಸಿ., 1962ರಲ್ಲಿ ಸ್ಥಾಪನೆಯಾದಾಗ ಅದರ ಕಾರ್ಯಾರಂಭವಾದದ್ದು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಆ ಬಳಿಕ ಡೊಂಬಿವಲಿ, ಅಂಬರನಾಥ, ಥಾಣೆ–ಬೇಲಾಪುರ ಪಟ್ಟಿ, ತಳೋಜ ಎಂದು ಕೈಗಾರಿಕಾ ವಸಾಹತುಗಳು ಬೆಳೆದವು. ಈ ಪಟ್ಟಣಗಳಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಕಾರ್ಖಾನೆಗಳ ಖರೀದಿ ಮತ್ತು ಲೆಕ್ಕಪತ್ರ ವಿಭಾಗಗಳಲ್ಲಿ ದುಡಿದವರಿದ್ದಾರೆ, ಸ್ವಂತ ವರ್ಕ್‌ಶಾಪ್ ಇಟ್ಟು ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಟ್ಟವರಿದ್ದಾರೆ, ಹೋಟೆಲು ನಡೆಸುವವರಂತೂ ಬಹಳ. ಕೊಳ್ಳುವ ಕಡೆಯಲ್ಲೂ ಮಾರುವ ಕಡೆಯಲ್ಲೂ ನಮ್ಮವರು ಇದ್ದಾರೆ. ಕಾರ್ಖಾನೆಯ ಹೊಗೆ ಬರುವ ಕಿಟಕಿಯ ಒಳಗಡೆಯೂ ನಾವೇ ಇದ್ದೇವೆ.

ಶೇಕಡಾ 2 ಮತ್ತು ಉಳಿದದ್ದು

2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕು. ತಾನು ಕಾರ್ಯ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ತನ್ನ ದೈನಂದಿನ ವ್ಯವಹಾರದ ಅಂಗವಾಗಿ ಮಾಡಿದ ಖರ್ಚನ್ನು ಇದರಲ್ಲಿ ತೋರಿಸುವಂತಿಲ್ಲ. ಈ ನಿರ್ಬಂಧ ಯೋಗ್ಯವೇ. ಇಲ್ಲವಾದರೆ ಕಂಪನಿಗಳು ತಮ್ಮ ವ್ಯಾಪಾರದ ಖರ್ಚನ್ನೇ ಸಮಾಜಸೇವೆ ಎಂದು ಬರೆದುಕೊಳ್ಳುತ್ತಿದ್ದವು. ಆದರೆ ಇದರ ಪರಿಣಾಮವಾಗಿ ಸಿ.ಎಸ್.ಆರ್. ಸಮಿತಿ ಒಂದು ಮಹಡಿಯಲ್ಲೂ ಖರೀದಿ ವಿಭಾಗ ಇನ್ನೊಂದು ಮಹಡಿಯಲ್ಲೂ ಕುಳಿತು, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದ ಸ್ಥಿತಿ ಉಂಟಾಯಿತು.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. 1000 ಕೋಟಿ ರೂಪಾಯಿ ವಹಿವಾಟಿನ ಕಂಪನಿಗೆ ಸರಾಸರಿ 80 ಕೋಟಿ ಲಾಭವಿದೆ ಎನ್ನಿ. ಅದರ ಸಾಮಾಜಿಕ ವಿನಿಯೋಗ 1 ಕೋಟಿ 60 ಲಕ್ಷ. ವಹಿವಾಟಿನ ಅರ್ಧದಷ್ಟು ಕಚ್ಚಾ ಸಾಮಗ್ರಿ, ಬಿಡಿಭಾಗ, ಸಾಗಾಟಗಳಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಖರೀದಿಯ ಮೊತ್ತ 500 ಕೋಟಿ. ಸಮಾಜದ ಮೇಲೆ ಯಾವ ಹಣದ ಪ್ರಭಾವ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 2010ರಲ್ಲಿ ಸಾಮಾಜಿಕ ಹೊಣೆಗಾರಿಕೆಯ ಕುರಿತು ಐ.ಎಸ್.ಒ. 26000 ಎಂಬ ಮಾರ್ಗದರ್ಶಿಯನ್ನೂ 2017ರಲ್ಲಿ ಖರೀದಿಗೆಂದೇ ಐ.ಎಸ್.ಒ. 20400 ಎಂಬ ಮಾರ್ಗದರ್ಶಿಯನ್ನೂ ಪ್ರಕಟಿಸಿತು. ಇವೆರಡೂ ಪ್ರಮಾಣಪತ್ರ ಕೊಡುವ ಮಾನಕಗಳಲ್ಲ. ಆದುದರಿಂದ "ನಮಗೆ ಐ.ಎಸ್.ಒ. 20400 ಪ್ರಮಾಣಪತ್ರ ದೊರೆತಿದೆ" ಎಂದು ಯಾರಾದರೂ ಹೇಳಿಕೊಂಡರೆ ಸ್ವಲ್ಪ ಅನುಮಾನದಿಂದಲೇ ಕೇಳುವುದು ಲೇಸು.

ಡೊಂಬಿವಲಿಯ ಪಾಠ

2016ರ ಮೇ 26ರಂದು ಡೊಂಬಿವಲಿ ಎಂ.ಐ.ಡಿ.ಸಿ.ಯ ಪ್ರೊಬೇಸ್ ಎಂಟರ್‌ಪ್ರೈಸಸ್ ಕಾರ್ಖಾನೆಯಲ್ಲಿ ಭಾರೀ ಸ್ಫೋಟ ಸಂಭವಿಸಿತು. ಹತ್ತಕ್ಕೂ ಹೆಚ್ಚು ಜನ ಅಸುನೀಗಿದರು, ನೂರಕ್ಕೂ ಮಿಕ್ಕಿ ಜನ ಗಾಯಗೊಂಡರು. ದೂರದ ಮನೆಗಳ ಕಿಟಕಿ ಗಾಜುಗಳೂ ಪುಡಿಯಾದವು. ಎಂಟು ವರ್ಷಗಳ ತರುವಾಯ, 2024ರ ಮೇ 23ರಂದು, ಅದೇ ವಸಾಹತಿನ ಅಮುದಾನ್ ಕೆಮಿಕಲ್ಸ್ ಘಟಕದಲ್ಲಿ ರಿಯಾಕ್ಟರ್ ಸಿಡಿದು ಮತ್ತೆ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2014ರ ಜನವರಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದ ಸುದ್ದಿಯನ್ನೂ 2020ರ ಫೆಬ್ರವರಿಯಲ್ಲಿ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ ಸುದ್ದಿಯನ್ನೂ ಡೊಂಬಿವಲಿಯವರು ಮರೆತಿರಲಾರರು. ಅಪಾಯಕಾರಿ ಘಟಕಗಳನ್ನು ಬೇರೆಡೆಗೆ ಸಾಗಿಸಬೇಕೆಂಬ ಮಾತು ಪ್ರತಿ ದುರಂತದ ನಂತರವೂ ಏಳುತ್ತದೆ.

ಇಂತಹ ಪ್ರಸಂಗಗಳಲ್ಲಿ ನಮ್ಮ ದೃಷ್ಟಿ ಕಾರ್ಖಾನೆಯ ಮಾಲೀಕ ಮತ್ತು ಸರಕಾರಿ ತಪಾಸಣಾಧಿಕಾರಿ, ಇವರಿಬ್ಬರ ಮೇಲೆ ನಿಲ್ಲುತ್ತದೆ. ಅದು ಸಹಜ. ಆದರೆ ರಾಸಾಯನಿಕ ಉದ್ಯಮದ ರಚನೆಯನ್ನು ಬಲ್ಲವರಿಗೆ ಮೂರನೆಯವನೊಬ್ಬನೂ ಕಾಣುತ್ತಾನೆ, ಅವನೇ ಗ್ರಾಹಕ. ಬಣ್ಣ, ಔಷಧ, ಸುಗಂಧದ್ರವ್ಯ, ಕೀಟನಾಶಕ ಮುಂತಾದವು ಸಿದ್ಧವಾಗುವುದು ಹಲವು ಹಂತಗಳಲ್ಲಿ. ನಡುವಣ ಹಂತಗಳ ಪದಾರ್ಥಗಳನ್ನು ಉದ್ಯಮದಲ್ಲಿ ಇಂಟರ್‌ಮೀಡಿಯೇಟ್ ಎನ್ನುತ್ತಾರೆ. ಇವುಗಳಲ್ಲಿ ಅನೇಕವನ್ನು ದೊಡ್ಡ ಕಂಪನಿಗಳು ತಾವೇ ತಯಾರಿಸದೆ ಚಿಕ್ಕ ಘಟಕಗಳಿಂದ ಮಾಡಿಸಿಕೊಳ್ಳುತ್ತವೆ. ಅಧಿಕ ಒತ್ತಡ, ಅಧಿಕ ಉಷ್ಣ, ವಿಷಾನಿಲ, ಬಣ್ಣದ ಕೊಳೆನೀರು ಇವೆಲ್ಲ ಇರುವ ಹಂತವೇ ಹೀಗೆ ಹೊರಗೆ ಹೋಗುವುದುಂಟು. ಮೇಲಿನ ಎರಡು ಘಟಕಗಳ ಗ್ರಾಹಕರು ಯಾರು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಇಂತಹ ಯಾವುದೇ ಘಟಕಕ್ಕೆ ಪರ್ಚೇಸ್ ಆರ್ಡರ್ ಕೊಡುವ ಮುನ್ನ ಕೊಳ್ಳುವವರು ಏನನ್ನು ನೋಡುತ್ತಾರೆ ಎಂಬುದು ಪ್ರಶ್ನೆ.

ಸಾಮಾನ್ಯವಾಗಿ ನೋಡುವುದು ಗುಣಮಟ್ಟ, ದರ, ಸಕಾಲಿಕ ಪೂರೈಕೆ. ಟೆಂಡರಿನ ಭಾಷೆಯಲ್ಲಿ ಎಲ್-1, ಅಂದರೆ ಅತಿ ಕಡಿಮೆ ದರ ಹೇಳಿದವನಿಗೆ ಕೆಲಸ. ಕಿಲೋಗೆ ಕೆಲವು ರೂಪಾಯಿ ಕಡಿಮೆ ಹೇಳಿದವನು ಅದನ್ನು ಎಲ್ಲಿಂದ ಉಳಿಸಿದ? ಒಳ್ಳೆಯ ಯಂತ್ರದಿಂದ ಉಳಿಸಿದನೋ, ಸುರಕ್ಷಾ ಕವಾಟದ ದುರಸ್ತಿ ಮುಂದೂಡಿ ಉಳಿಸಿದನೋ, ತರಬೇತಿಯಿಲ್ಲದ ಗುತ್ತಿಗೆ ಕೂಲಿಯನ್ನು ರಾತ್ರಿಪಾಳಿಗೆ ನಿಲ್ಲಿಸಿ ಉಳಿಸಿದನೋ? ದರಪಟ್ಟಿಯಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ. 2011ರಲ್ಲಿ ಬಿ.ಎ.ಎಸ್.ಎಫ್., ಬೇಯರ್, ಹೆಂಕೆಲ್ ಮೊದಲಾದ ಆರು ಯುರೋಪಿಯನ್ ರಾಸಾಯನಿಕ ಕಂಪನಿಗಳು "ಟುಗೆದರ್ ಫಾರ್ ಸಸ್ಟೈನಬಿಲಿಟಿ" ಎಂಬ ಒಕ್ಕೂಟ ಕಟ್ಟಿದ್ದು ಈ ಉದ್ದೇಶಕ್ಕಾಗಿ. ಪೂರೈಕೆದಾರನ ಕಾರ್ಖಾನೆಯನ್ನು ಒಬ್ಬರು ಪರಿಶೀಲಿಸಿದರೆ ಆ ವರದಿಯನ್ನು ಉಳಿದವರೂ ಒಪ್ಪಿಕೊಳ್ಳುತ್ತಾರೆ. ಹತ್ತು ಗ್ರಾಹಕರು ಹತ್ತು ಬಾರಿ ಬಂದು ಹತ್ತು ಫಾರ್ಮು ತುಂಬಿಸುವ ಕಾಟ ಚಿಕ್ಕ ಘಟಕಕ್ಕೆ ತಪ್ಪುತ್ತದೆ. ನಮ್ಮ ಕೈಗಾರಿಕಾ ವಸಾಹತುಗಳ ಸಂಘಗಳೂ ಇಂತಹ ಕೂಡುವ್ಯವಸ್ಥೆಯ ಬಗ್ಗೆ ಯೋಚಿಸಬಹುದು.

ಖರೀದಿ ಎಂದರೆ ಒಳಗೆ ಬರುವ ಸಾಮಗ್ರಿ ಮಾತ್ರವೇ ಎಂದು ತಿಳಿಯಬಾರದು. ಹೊರಗೆ ಹೋಗುವ ತ್ಯಾಜ್ಯದ ವಿಲೇವಾರಿಯೂ ಕೊಳ್ಳುವ ಸೇವೆಯೇ. 2014ರ ನವೆಂಬರ್ ಕೊನೆಯಲ್ಲಿ ಉಲ್ಲಾಸನಗರದ ವಾಲಧುನಿ ನದಿಗೆ ಟ್ಯಾಂಕರೊಂದು ರಾಸಾಯನಿಕ ಸುರಿದು ಹೋಗಿ ನೂರಾರು ನಿವಾಸಿಗಳು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಬೇಕಾಯಿತು. ಅಪಾಯಕಾರಿ ತ್ಯಾಜ್ಯಕ್ಕಾಗಿ ತಳೋಜದಲ್ಲಿ ಸಾಮೂಹಿಕ ಸಂಸ್ಕರಣಾ ಕೇಂದ್ರವಿದೆ. ಅಲ್ಲಿ ಶುಲ್ಕ ತೆರಬೇಕು. ಅದಕ್ಕಿಂತ ತೀರಾ ಕಡಿಮೆ ದರಕ್ಕೆ "ನಾವು ವಿಲೇವಾರಿ ಮಾಡುತ್ತೇವೆ" ಎನ್ನುವ ಟ್ಯಾಂಕರಿನವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ ಎಂದು ಬಿಲ್ಲಿಗೆ ಸಹಿ ಹಾಕುವವರು ಒಮ್ಮೆ ಕೇಳಬೇಡವೇ? ವಾಲಧುನಿಯ ನೀರು ಕೊನೆಗೆ ಸೇರುವುದು ಕಲ್ಯಾಣ್ ಬಳಿಯ ಉಲ್ಲಾಸ ಖಾರಿಯನ್ನು.

ಥಾಣೆಯ ಕಚೇರಿ, ಹತ್ತಿಯ ಹೊಲ

ಪೂರೈಕೆ ಸರಪಳಿ ಎಷ್ಟು ದೂರ ಚಾಚಿರುತ್ತದೆ ಎಂಬುದಕ್ಕೆ ಹತ್ತಿಬೀಜದ ಪ್ರಕರಣ ಉತ್ತಮ ಉದಾಹರಣೆ. ಇದರ ಒಂದು ತುದಿ ನಮ್ಮ ಕರ್ನಾಟಕವನ್ನೂ ಮುಟ್ಟುತ್ತದೆ. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ ಎಂಬ ಪ್ರಸಿದ್ಧ ಹೈಬ್ರಿಡ್ ಹತ್ತಿ ತಳಿಯನ್ನು ಹೊರತಂದರು. ಹೈಬ್ರಿಡ್ ಹತ್ತಿಯ ಬೀಜವನ್ನು ಪ್ರತಿವರ್ಷ ಹೊಸದಾಗಿ ತಯಾರಿಸಬೇಕು. ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಬಿಡಿಸಿ ತೆಗೆದು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಇದೇ ಕ್ರಮ. ಕೂಲಿಯ ಖರ್ಚೇ ಇಲ್ಲಿ ದೊಡ್ಡದು. ಆಂಧ್ರ, ಕರ್ನಾಟಕ ಮುಂತಾದೆಡೆ ಈ ಕೆಲಸಕ್ಕೆ ಎಳೆಯ ಹೆಣ್ಣುಮಕ್ಕಳನ್ನು ಹಚ್ಚುವ ರೂಢಿ ಬೆಳೆಯಿತು.

ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಅವರು 2003ರಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿಗಳಿಗೆ ಬೀಜ ಬೆಳೆದುಕೊಡುವ ಆಂಧ್ರದ ಹೊಲಗಳಲ್ಲಿ ಬಾಲಕಾರ್ಮಿಕರು ದುಡಿಯುತ್ತಿರುವುದನ್ನು ವರದಿ ಮಾಡಿದರು. ಹೆಸರಿಸಲಾದ ಕಂಪನಿಗಳಲ್ಲಿ ಬೇಯರ್ ಆಗಷ್ಟೇ ತನ್ನದಾಗಿಸಿಕೊಂಡಿದ್ದ ಪ್ರೊಆಗ್ರೊ ಕೂಡ ಒಂದು. ಬೇಯರ್ ಕ್ರಾಪ್‌ಸೈನ್ಸ್‌ನ ಭಾರತೀಯ ಕಂಪನಿಯ ನೋಂದಾಯಿತ ಕಚೇರಿ ಇಂದು ಥಾಣೆಯ ಹಿರಾನಂದಾನಿ ಎಸ್ಟೇಟಿನಲ್ಲಿದೆ. ಕಂಪನಿಗೂ ಆ ಮಗುವಿಗೂ ನೇರ ಸಂಬಂಧವಿರಲಿಲ್ಲ. ಕಂಪನಿ ಒಪ್ಪಂದ ಮಾಡಿಕೊಳ್ಳುವುದು ಆರ್ಗನೈಸರ್ ಎಂಬ ಮಧ್ಯಸ್ಥನೊಡನೆ, ಅವನು ರೈತನೊಡನೆ, ರೈತ ಕೂಲಿಯವರೊಡನೆ. "ಅವರು ನಮ್ಮ ನೌಕರರಲ್ಲ" ಎಂದು ಹೇಳಿಬಿಡುವುದು ಕಾನೂನಿನ ದೃಷ್ಟಿಯಿಂದ ಸುಲಭವಾಗಿತ್ತು. ಆ ಮಾತು ಹೆಚ್ಚು ಕಾಲ ನಿಲ್ಲಲಿಲ್ಲ. ಟೀಕೆಗಳ ಒತ್ತಡದ ನಂತರ ಬೇಯರ್ ಹೊಲಗಳ ಅನಿರೀಕ್ಷಿತ ತಪಾಸಣೆ, ಮಕ್ಕಳನ್ನು ದುಡಿಸದ ರೈತನಿಗೆ ಬೋನಸ್, ಪದೇಪದೇ ತಪ್ಪಿದವನ ಒಪ್ಪಂದ ರದ್ದು, ಮಕ್ಕಳಿಗೆ ಶಾಲೆ ಎಂಬ ಕಾರ್ಯಕ್ರಮವನ್ನು ಕೈಗೊಂಡಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ ಬೇರೆಯೇ ಇದೆ. ವೆಂಕಟೇಶ್ವರಲು ಅವರು ಲೂಸಿಯಾ ಡ ಕೋರ್ಟಾ ಅವರೊಂದಿಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಹೆಸರೇ "ಬಾಲ್ಯದ ಬೆಲೆ" ಎಂಬರ್ಥದ್ದು. ಕಂಪನಿ ರೈತನಿಗೆ ಕೊಡುವ ಖರೀದಿ ಬೆಲೆಯಲ್ಲಿ ವಯಸ್ಕರಿಗೆ ನ್ಯಾಯವಾದ ಕೂಲಿ ಕೊಡಲು ಸಾಧ್ಯವೇ ಎಂದು ಅವರು ಲೆಕ್ಕ ಹಾಕಿದರು. ಬೆಲೆಯನ್ನು ಹಾಗೆಯೇ ಇಟ್ಟು, ಮಕ್ಕಳನ್ನು ದುಡಿಸಬೇಡ ಎಂದು ರೈತನ ಕೈಯಿಂದ ಸಹಿ ಹಾಕಿಸಿಕೊಂಡರೆ ಹೊಣೆ ಕೆಳಗೆ ಜಾರುತ್ತದೆಯೇ ಹೊರತು ಮುಗಿಯುವುದಿಲ್ಲ. ಪೂರೈಕೆದಾರರ ನೀತಿಸಂಹಿತೆ ಎಂಬ ಹೆಸರಿನಲ್ಲಿ ಇಂದು ಪ್ರತಿಯೊಂದು ಪರ್ಚೇಸ್ ಆರ್ಡರಿನ ಹಿಂದೆ ಲಗತ್ತಾಗುವ ಹಾಳೆಗಳನ್ನು ಓದುವಾಗ ನಮಗೆ ಈ ಲೆಕ್ಕ ನೆನಪಾಗುತ್ತದೆ.

ಮಾಥಾಡಿ ಕಾಯ್ದೆ

ಹೊರದೇಶಗಳಲ್ಲಿ ಪೂರೈಕೆ ಸರಪಳಿಯ ಹೊಣೆಯನ್ನು ಕಾನೂನಾಗಿಸುವ ಪ್ರಯತ್ನಗಳು ಇತ್ತೀಚಿನವು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1100ಕ್ಕೂ ಹೆಚ್ಚು ಗಾರ್ಮೆಂಟ್ ಕೆಲಸಗಾರರು ಸತ್ತ ನಂತರ ಸಿದ್ಧ ಉಡುಪಿನ ಕಂಪನಿಗಳು ಬದ್ಧತೆಯ ಒಪ್ಪಂದಕ್ಕೆ ಸಹಿ ಹಾಕಿದವು; ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ ಜಾರಿಯಾದದ್ದು 2023ರಲ್ಲಿ. ಆದರೆ ಮಹಾರಾಷ್ಟ್ರದಲ್ಲಿ 1969ರಷ್ಟು ಹಿಂದೆಯೇ ಇಂತಹ ಒಂದು ವ್ಯವಸ್ಥೆ ಮೂಡಿತ್ತು ಎಂಬುದನ್ನು ನಮ್ಮಲ್ಲಿ ಹಲವರು ಗಮನಿಸಿಲ್ಲ.

ತಲೆಯ ಮೇಲೆ, ಬೆನ್ನಿನ ಮೇಲೆ ಮೂಟೆ ಹೊರುವ ಹಮಾಲರಿಗೆ ಒಬ್ಬ ಮಾಲೀಕನೆಂಬುವನಿಲ್ಲ. ಬೆಳಿಗ್ಗೆ ಒಬ್ಬ ವ್ಯಾಪಾರಿಯ ಲಾರಿ, ಮಧ್ಯಾಹ್ನ ಇನ್ನೊಬ್ಬನದು. ಯಾರ ಪುಸ್ತಕದಲ್ಲೂ ಅವರು ನೌಕರರಲ್ಲ. ಆದುದರಿಂದ ಭವಿಷ್ಯನಿಧಿಯಿಲ್ಲ, ರಜೆಯಿಲ್ಲ, ಗ್ರಾಚ್ಯುಯಿಟಿಯಿಲ್ಲ. ಅಣ್ಣಾಸಾಹೇಬ್ ಪಾಟೀಲರ ನೇತೃತ್ವದ ಹೋರಾಟದ ಫಲವಾಗಿ ಬಂದ ಮಹಾರಾಷ್ಟ್ರ ಮಾಥಾಡಿ, ಹಮಾಲ ಮತ್ತು ಇತರ ಶ್ರಮಿಕರ ಕಾಯ್ದೆ ಇದಕ್ಕೊಂದು ಉಪಾಯ ಕಂಡುಹಿಡಿಯಿತು. ಸರಕಾರ, ಮಾಲೀಕರು, ಕಾರ್ಮಿಕರು ಈ ಮೂವರ ಪ್ರತಿನಿಧಿಗಳ ಮಂಡಳಿ ರಚನೆಯಾಯಿತು. ಹಮಾಲರೂ ಅವರನ್ನು ಕೆಲಸಕ್ಕೆ ಕರೆಯುವವರೂ ಅಲ್ಲಿ ನೋಂದಾಯಿಸಬೇಕು. ಕೂಲಿಯ ಹಣವನ್ನೂ ಅದರ ಮೇಲೆ ನಿಗದಿಯಾದ ಲೆವಿಯನ್ನೂ ವ್ಯಾಪಾರಿ ಮಂಡಳಿಗೆ ಕಟ್ಟಬೇಕು. ಮಂಡಳಿ ಕೂಲಿಯನ್ನು ಹಂಚುತ್ತದೆ. ಲೆವಿಯಿಂದ ಭವಿಷ್ಯನಿಧಿ, ಬೋನಸ್, ವೈದ್ಯಕೀಯ ಸೌಲಭ್ಯಗಳನ್ನು ನಡೆಸುತ್ತದೆ. ಮುಂಬಯಿಯ ಸಗಟು ಮಾರುಕಟ್ಟೆಗಳು 1980ರ ದಶಕದಿಂದ ಹಂತಹಂತವಾಗಿ ವಾಶಿ–ತುರ್ಭೆಯ ಎ.ಪಿ.ಎಂ.ಸಿ.ಗೆ ಸ್ಥಳಾಂತರಗೊಂಡಾಗ ಮಾಥಾಡಿಗಳೂ ನವಿ ಮುಂಬಯಿಗೆ ಬಂದರು. ಕೋಪರಖೈರಣೆಯಲ್ಲಿ ಅವರ ಹೆಸರಿನ ಆಸ್ಪತ್ರೆಯೇ ಇದೆ.

ಈ ಕಾಯ್ದೆಯಲ್ಲಿ ದೋಷಗಳಿಲ್ಲವೆಂದಲ್ಲ. ಮಾಥಾಡಿ ಹೆಸರಿನಲ್ಲಿ ಹಣ ಕೀಳುವ ನಕಲಿ ಗುಂಪುಗಳ ಬಗ್ಗೆ ಉದ್ಯಮಿಗಳ ದೂರು ಬಹುಕಾಲದ್ದು, ಅದರಲ್ಲಿ ಹುರುಳೂ ಇದೆ. ಹಾಗಿದ್ದರೂ "ದುಡಿಮೆಯನ್ನು ಕೊಂಡವನು ದುಡಿಯುವವನ ಮುಪ್ಪಿಗೂ ಪಾಲು ಕೊಡಬೇಕು" ಎಂಬ ತತ್ತ್ವವನ್ನು ಸರಕು ಇಳಿಸುವ ಕಟ್ಟೆಯ ಮೇಲೆಯೇ ಜಾರಿಗೆ ತಂದ ಶ್ರೇಯಸ್ಸು ಇದಕ್ಕೆ ಸಲ್ಲಬೇಕು. ಭಿವಂಡಿಯ ಗೋದಾಮುಗಳಿಂದ ನಮ್ಮ ಮನೆಬಾಗಿಲಿಗೆ ಪೊಟ್ಟಣ ತರುವ ಹುಡುಗರ ವಿಷಯದಲ್ಲಿ ಇಂದು ಚರ್ಚೆಯಾಗುತ್ತಿರುವುದೂ ಇದೇ ತತ್ತ್ವ.

ನಲವತ್ತೈದು ದಿನ

ಚಿಕ್ಕ ಉದ್ಯಮಿಗಳನ್ನು ಕೇಳಿದರೆ ಅವರು ಮೊದಲು ಹೇಳುವ ಸಂಕಟ ಒಂದೇ: ಮಾಲು ಹೋಯಿತು, ದುಡ್ಡು ಬರಲಿಲ್ಲ. ಸಂಬಳ, ವಿದ್ಯುತ್ ಬಿಲ್ಲು, ಬ್ಯಾಂಕಿನ ಬಡ್ಡಿ ಯಾವುದೂ ಕಾಯುವುದಿಲ್ಲ. ದೊಡ್ಡ ಗ್ರಾಹಕ ಮಾತ್ರ "ಮುಂದಿನ ತಿಂಗಳು ನೋಡೋಣ" ಎನ್ನುತ್ತಾನೆ. ಚಿಕ್ಕವನ ಹಣವನ್ನು ಬಡ್ಡಿಯಿಲ್ಲದೆ ಬಳಸಿಕೊಂಡು, ಅದೇ ವರ್ಷ ಆರೋಗ್ಯ ಶಿಬಿರ ನಡೆಸಿದ ಕಂಪನಿಯನ್ನು ಹೊಣೆಗಾರ ಕಂಪನಿ ಎಂದು ಕರೆಯಲು ನಮಗೆ ಮನಸ್ಸು ಬಾರದು.

ಕಾನೂನು ಈ ಬಗ್ಗೆ ಸ್ಪಷ್ಟವಾಗಿದೆ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಪೂರೈಕೆದಾರನಿಗೆ ಲಿಖಿತ ಒಪ್ಪಂದವಿದ್ದರೆ ಆ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಸಲ್ಲಿಸಲು 2017ರಲ್ಲಿ "ಸಮಾಧಾನ್" ಎಂಬ ಜಾಲತಾಣ ಆರಂಭವಾಯಿತು. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಸಿಗುವುದೇ? ಈ ಭಯದಿಂದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಅದಕ್ಕಾಗಿಯೇ ಇರಬೇಕು, 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ ದಾರಿ ಹಿಡಿಯಿತು. ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದು ಎಂಬ ನಿಯಮ 2024–25ರ ತೆರಿಗೆ ನಿರ್ಧಾರಣೆಯ ವರ್ಷದಿಂದ ಅನ್ವಯವಾಯಿತು. ಇದರಿಂದ ಗ್ರಾಹಕರು ನೋಂದಣಿಯಿಲ್ಲದವರ ಕಡೆಗೆ ಹೊರಳಿಯಾರು ಎಂಬ ಆತಂಕವನ್ನು ಕೆಲವು ವ್ಯಾಪಾರಿ ಸಂಘಗಳು ವ್ಯಕ್ತಪಡಿಸಿದವು. ವರ್ಕ್‌ಶಾಪ್ ನಡೆಸುವ ನಮ್ಮ ಬಂಧುಗಳು ಉದ್ಯಮ್ ನೋಂದಣಿ ಮಾಡಿಸಿಕೊಂಡು, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸುವುದು ಉಪಯುಕ್ತ.

ಹೋಟೆಲು ಉದ್ಯಮಿಗಳಿಗೂ ಇಲ್ಲಿ ಪಾತ್ರವಿದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೆ ಮಿತಿ ಹಾಕುವ ನಿಯಮ 2018ರ ಜುಲೈಯಿಂದ ಬಂದಿದೆ. ಕರಿದ ಎಣ್ಣೆಯನ್ನು ಜೈವಿಕ ಡೀಸೆಲ್ ತಯಾರಕರಿಗೆ ತಲುಪಿಸುವ ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು. ಹೆಚ್ಚು ದರ ಕೊಡುವ ಅಪರಿಚಿತನಿಗೆ ಮಾರಿದರೆ ಅದು ಬೀದಿಬದಿಯ ಬಾಣಲೆಗೆ ಮರಳಬಹುದು. ಮಾವಿನ ಋತುವಿನಲ್ಲಿ ಇನ್ನೊಂದು ವಿಚಾರ. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಥಾಣೆ, ಪಾಲ್ಘರ್ ಜಿಲ್ಲೆಗಳ ಆಪೂಸಿಗೆ 2018ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೂ ವಾಶಿಗೆ ಬರುವ ಕರ್ನಾಟಕದ ಹಣ್ಣು ದೇವಗಡದ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತದೆ ಎಂಬ ದೂರು ಪ್ರತಿವರ್ಷವೂ ಕೇಳಿಬರುತ್ತದೆ. ಕೊಂಕಣದ ರೈತನಿಗಂತೂ ಇದು ನಷ್ಟವೇ. ಧಾರವಾಡದ ಆಪೂಸು ತನ್ನ ಹೆಸರಿನಿಂದಲೇ ಮಾರಾಟವಾಗದಿರುವುದು ನಮಗೂ ಮರ್ಯಾದೆಯ ಮಾತಲ್ಲ.

ಎಲ್ಲಿ ನೋಡಬೇಕು

ಕಂಪನಿಗಳ ಖರೀದಿಯ ನಡತೆಯನ್ನು ಹೊರಗಿನವರು ತಿಳಿಯುವುದು ಹೇಗೆ ಎಂದು ಕೇಳಬಹುದು. ಸೆಬಿ 2021ರಲ್ಲಿ ರೂಪಿಸಿದ ಬಿ.ಆರ್.ಎಸ್.ಆರ್. ಎಂಬ ವರದಿಯನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳು 2022–23ರಿಂದ ಕಡ್ಡಾಯವಾಗಿ ಕೊಡುತ್ತಿವೆ. ಇದು ವಾರ್ಷಿಕ ವರದಿಯ ಭಾಗವಾಗಿ ಕಂಪನಿಯ ಜಾಲತಾಣದಲ್ಲಿ ದೊರೆಯುತ್ತದೆ. ಸಣ್ಣ ಉದ್ದಿಮೆಗಳಿಂದ ಶೇಕಡಾ ಎಷ್ಟು ಸಾಮಗ್ರಿ ಕೊಳ್ಳಲಾಯಿತು, ಪೂರೈಕೆದಾರರಿಗೆ ಹಣ ಕೊಡಲು ಸರಾಸರಿ ಎಷ್ಟು ದಿನ ಹಿಡಿಯಿತು, ಎಷ್ಟು ಪೂರೈಕೆದಾರರಲ್ಲಿ ಬಾಲಕಾರ್ಮಿಕತೆ ಮತ್ತು ಸುರಕ್ಷತೆಯ ಪರಿಶೀಲನೆ ನಡೆಯಿತು ಎಂಬ ಪ್ರಶ್ನೆಗಳು ಅದರ ನಮೂನೆಯಲ್ಲಿವೆ. ಕೊನೆಯ ಪ್ರಶ್ನೆ ಐಚ್ಛಿಕ ಭಾಗದಲ್ಲಿರುವುದರಿಂದ ಹಲವರು ಅದನ್ನು ಖಾಲಿ ಬಿಡುತ್ತಾರೆ. ದೊಡ್ಡ ಪೂರೈಕೆದಾರರ ವಿವರವನ್ನು ಮೊದಲ 250 ಕಂಪನಿಗಳಿಂದ ಕೇಳುವ ಯೋಜನೆಯನ್ನು ಸೆಬಿ 2023ರಲ್ಲಿ ಪ್ರಕಟಿಸಿತ್ತು. ಉದ್ಯಮದ ಮನವಿಯ ಮೇರೆಗೆ 2025ರಲ್ಲಿ ಅದನ್ನು ಸ್ವಯಂಪ್ರೇರಿತವನ್ನಾಗಿ ಸಡಿಲಿಸಿತು. ನಮ್ಮ ಕುಟುಂಬಗಳಲ್ಲಿ ಷೇರು ಇಟ್ಟುಕೊಂಡವರು ಬಹಳ ಮಂದಿ. ಡಿವಿಡೆಂಡಿನ ಪುಟ ನೋಡಿದ ಮೇಲೆ ಈ ಪುಟಗಳನ್ನೂ ತಿರುವಿ, ಖಾಲಿ ಬಿಟ್ಟ ಅಂಕಣದ ಬಗ್ಗೆ ವಾರ್ಷಿಕ ಮಹಾಸಭೆಯಲ್ಲಿ ಲಿಖಿತವಾಗಿ ಪ್ರಶ್ನೆ ಕೇಳಲು ಒಂದು ಷೇರಿದ್ದರೂ ಸಾಕು.